ಜಿಬಿ, ಎಂಬಿ ಲೆಕ್ಕ ಹಾಕುವ ಮೊದಲು ಕೇಳಬೇಕಾದ ಎರಡು ಪ್ರಶ್ನೆ

ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಉಂಟು. ಅದರಲ್ಲಿ ಅಜ್ಜ ರೆಕಾರ್ಡ್ ಮಾಡಿಟ್ಟ ತಾಳಮದ್ದಳೆಯ 40 ಕ್ಯಾಸೆಟ್. ಎಲ್ಲವೂ 90 ನಿಮಿಷದವು, ಒಂದೊಂದು ಬದಿಗೆ 45 ನಿಮಿಷ. ಕಳೆದ ಮಳೆಗಾಲದಲ್ಲಿ ಎರಡು ಕ್ಯಾಸೆಟ್ಟಿಗೆ ಬೂಷ್ಟು ಹಿಡಿದದ್ದು ಕಂಡ ಮೇಲೆ ಇನ್ನು ತಡಮಾಡಿದರೆ ಅಜ್ಜನ ಸ್ವರವೇ ಹೋಗುತ್ತದೆ ಅಂತ ಹೆದರಿ, ಭಾವನೂ ನಾನೂ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಲು ಕೂತೆವು. ಶುರುವಿನಲ್ಲೇ ಪ್ರಶ್ನೆ ಬಂತು. 32 ಜಿಬಿಯ ಪೆನ್ ಡ್ರೈವ್ ಸಾಕಾ, 64 ಬೇಕಾ? ಬೆಂಗಳೂರಿನ ಮಾವನಿಗೆ ಕಳಿಸಲು ಎಷ್ಟು ಹೊತ್ತು ಬೇಕು?

ಆ ಲೆಕ್ಕ ಹಾಕುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಗಣಿತ ಕಷ್ಟದ್ದೇನಲ್ಲ, ಗುಣಿಸುವುದು, ಭಾಗಿಸುವುದು ಅಷ್ಟೆ. ತಪ್ಪಾಗುವುದು ಬೇರೆ ಕಡೆ. ಯಾವುದೇ ಸಂಖ್ಯೆ ಎದುರಿಗೆ ಬಂದಾಗ ಮೊದಲು ಎರಡು ಪ್ರಶ್ನೆ ಕೇಳಬೇಕು: ಇದು ಬಿಟ್ಟೋ ಬೈಟೋ? ಇದು ಸಾವಿರದ ಲೆಕ್ಕವೋ 1024ರ ಲೆಕ್ಕವೋ?

ಬಿಟ್ ಅಂದರೆ ಸೊನ್ನೆ ಅಥವಾ ಒಂದು, ಅದಕ್ಕಿಂತ ಸಣ್ಣದು ಇಲ್ಲ. 8 ಬಿಟ್ ಸೇರಿದರೆ ಒಂದು ಬೈಟ್. ಇಂಗ್ಲಿಷಿನಲ್ಲಿ ಬರೆಯುವಾಗ ಸಣ್ಣ ಬಿ ಅಂದರೆ ಬಿಟ್, ದೊಡ್ಡ ಬಿ ಅಂದರೆ ಬೈಟ್. ಇಂಟರ್‌ನೆಟ್ಟಿನ ವೇಗವನ್ನು ಬಿಟ್ಟಿನಲ್ಲಿ ಹೇಳುತ್ತಾರೆ, ಫೈಲಿನ ಗಾತ್ರವನ್ನು ಬೈಟಿನಲ್ಲಿ. ಇದೊಂದು ನೆನಪಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಎರಡನೆಯದಕ್ಕೆ ಸ್ವಲ್ಪ ಜಾಸ್ತಿ ವಿವರಣೆ ಬೇಕು. ನಮ್ಮ ಕಡೆ ಹಿಂದೆ ಅಕ್ಕಿಯನ್ನು ಮುಡಿ ಲೆಕ್ಕದಲ್ಲಿ ಕೊಡುತ್ತಿದ್ದರಲ್ವಾ, 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ. ಆದರೆ ಒಂದು ಮನೆಯ ಸೇರು ಇನ್ನೊಂದು ಮನೆಯ ಸೇರಿಗೆ ಸರಿ ಹೋಗುವುದಿಲ್ಲ ಅಂತ ಅಜ್ಜಿ ಯಾವಾಗಲೂ ಹೇಳುತ್ತಿದ್ದರು. ಜಿಬಿಯ ಕಥೆಯೂ ಅದೇ. ಹೆಸರು ಒಂದೇ, ಅಳತೆ ಎರಡು.

ಪೆನ್ ಡ್ರೈವ್, ಹಾರ್ಡ್ ಡಿಸ್ಕ್, ಮೆಮೊರಿ ಕಾರ್ಡ್ ಮಾಡುವವರ ಲೆಕ್ಕದಲ್ಲಿ ಕಿಲೋ ಅಂದರೆ ಸಾವಿರ. 1 ಕೆಬಿಗೆ ಸಾವಿರ ಬೈಟ್, 1 ಎಂಬಿಗೆ 10 ಲಕ್ಷ, 1 ಜಿಬಿಗೆ 100 ಕೋಟಿ, 1 ಟಿಬಿಗೆ ಒಂದು ಲಕ್ಷ ಕೋಟಿ ಬೈಟ್. ಕಿಲೋಗ್ರಾಂ, ಕಿಲೋಮೀಟರಿನಲ್ಲಿ ಇರುವ ಕಿಲೋವೇ ಇದು. ಕಂಪ್ಯೂಟರಿನ ಒಳಗೆ ಮಾತ್ರ ಎಲ್ಲವೂ ಎರಡನ್ನು ಎರಡರಿಂದಲೇ ಗುಣಿಸುತ್ತಾ ಹೋಗುವ ಲೆಕ್ಕ. ಎರಡನ್ನು ಹತ್ತು ಸಲ ಗುಣಿಸಿದರೆ 1024 ಬರುತ್ತದೆ, ಅದು ಸಾವಿರಕ್ಕೆ ಹತ್ತಿರ ಇತ್ತು ಅಂತ ಅದನ್ನೂ ಕಿಲೋ ಅಂತಲೇ ಕರೆಯುವುದು ರೂಢಿಯಾಯಿತು. ವಿಂಡೋಸ್ ಈಗಲೂ 1024ರಿಂದಲೇ ಭಾಗಿಸುತ್ತದೆ, ಆದರೆ ಪಕ್ಕದಲ್ಲಿ ಜಿಬಿ ಅಂತ ಬರೆಯುತ್ತದೆ. ಆ ಲೆಕ್ಕದಲ್ಲಿ 1 ಜಿಬಿ ಅಂದರೆ 107,37,41,824 ಬೈಟ್, ಸುಮಾರು 107.37 ಕೋಟಿ. ಈ ಗೊಂದಲ ಬೇಡ ಅಂತ 1998ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಂತ್ರಜ್ಞಾನ ಆಯೋಗದವರು 1024ರ ಲೆಕ್ಕಕ್ಕೆ ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್ ಅಂತ ಬೇರೆಯೇ ಹೆಸರು ಕೊಟ್ಟರು. ಒಳ್ಳೆಯ ಕೆಲಸವೇ, ಆದರೆ ಅಂಗಡಿಯಲ್ಲಿ ಆ ಹೆಸರು ಹೇಳುವವರು ಯಾರೂ ಇಲ್ಲ.

ಈಗ ಪೆನ್ ಡ್ರೈವಿಗೆ ಬನ್ನಿ. 64 ಜಿಬಿ ಅಂದರೆ 6400 ಕೋಟಿ ಬೈಟ್. ಅದನ್ನು 107.37ರಿಂದ ಭಾಗಿಸಿ. 59.6 ಬರುತ್ತದೆ. ವಿಂಡೋಸ್ ತೋರಿಸುವುದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ 64 ಅಂತ ತಂದದ್ದು 59 ಚಿಲ್ಲರೆ ಅಂತ ಕಂಡರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ, ಅವರು ಏನೂ ಕದ್ದಿಲ್ಲ. 32 ಜಿಬಿಯದು 29.8, 128ರದ್ದು 119.2, 1 ಟಿಬಿಯ ಡಿಸ್ಕ್ ಆದರೆ 931 ಜಿಬಿ ಅಂತ ಕಾಣುತ್ತದೆ. ಬಾಯಿಲೆಕ್ಕಕ್ಕೆ ಜಿಬಿಯನ್ನು 0.93ರಿಂದ ಗುಣಿಸಿದರೆ ಸಾಕು, ಉತ್ತರ ಟಿಬಿಯಲ್ಲೇ ಬೇಕಾದರೆ 0.91 (1024ರ ಲೆಕ್ಕದಲ್ಲಿ 931 ಜಿಬಿ ಅಂದರೆ 0.91 ಟಿಬಿ). ಗಾತ್ರ ಹೆಚ್ಚಿದ ಹಾಗೆ ವ್ಯತ್ಯಾಸವೂ ಹೆಚ್ಚುತ್ತದೆ, ಯಾಕೆಂದರೆ ಒಂದೊಂದು ಮೆಟ್ಟಿಲು ಹತ್ತುವಾಗಲೂ 24 ಬೈಟಿನ ಆ ಪಾಲು ಮತ್ತೆ ಮತ್ತೆ ಗುಣಿಸಿಕೊಂಡು ಹೋಗುತ್ತದೆ. ಮ್ಯಾಕ್ ಕಂಪ್ಯೂಟರುಗಳು 2009ರಿಂದ ಸಾವಿರದ ಲೆಕ್ಕ ಹಿಡಿದಿವೆ, ಅದೇ ಪೆನ್ ಡ್ರೈವನ್ನು ಅಲ್ಲಿ ಹಾಕಿದರೆ 64 ಅಂತಲೇ ಕಾಣುತ್ತದೆ. ರ‍್ಯಾಮ್ ಮಾತ್ರ ನಿಜವಾಗಿಯೂ 1024ರ ಲೆಕ್ಕದಲ್ಲೇ ಮಾರುವುದು, ಅಲ್ಲಿ ಈ ಕೊರತೆ ಇಲ್ಲ.

ಒಂದು ಎಚ್ಚರಿಕೆ. ನಕಲಿ ಪೆನ್ ಡ್ರೈವುಗಳೂ ಬರುತ್ತವೆ. ಅವು ಹೊರಗೆ ಬರೆದಷ್ಟೇ ಗಾತ್ರ ಇದೆ ಅಂತ ಸುಳ್ಳು ತೋರಿಸುತ್ತವೆ, ತುಂಬಿಸಿದ ಮೇಲೆ ಫೈಲ್ ತೆರೆಯುವುದಿಲ್ಲ. ಮುಖ್ಯವಾದದ್ದನ್ನು ಹಾಕುವ ಮೊದಲು ಪೂರ್ತಿ ತುಂಬಿಸಿ, ಎಲ್ಲಾ ಫೈಲ್ ತೆರೆದು ನೋಡಿ.

ಇನ್ನು ಕ್ಯಾಸೆಟ್ಟಿನ ಲೆಕ್ಕ. ಸಿಡಿ ಗುಣಮಟ್ಟದಲ್ಲಿ ಧ್ವನಿ ಇಳಿಸುವುದು ಅಂದರೆ ಸೆಕೆಂಡಿಗೆ 44,100 ಸಲ ಧ್ವನಿಯನ್ನು ಅಳೆಯುವುದು, ಪ್ರತಿ ಸಲಕ್ಕೂ 16 ಬಿಟ್, ಅಂದರೆ 2 ಬೈಟ್. ಎಡ ಬಲ ಎರಡೂ ಬೇಕಾದರೆ ಸೆಕೆಂಡಿಗೆ 1,76,400 ಬೈಟ್. ಗಂಟೆಗೆ 3600 ಸೆಕೆಂಡ್, ಗುಣಿಸಿದರೆ ಸುಮಾರು 635 ಎಂಬಿ. ನಮ್ಮದು 40 ಕ್ಯಾಸೆಟ್, ಒಂದೂವರೆ ಗಂಟೆಯಂತೆ 60 ಗಂಟೆ. ಒಟ್ಟು 38.1 ಜಿಬಿ. 32ರಲ್ಲಿ ಹಿಡಿಯುವುದಿಲ್ಲ.

ಆಗ ಭಾವ ಒಂದು ಒಳ್ಳೆಯ ಮಾತು ಹೇಳಿದ. ಅಜ್ಜನ ರೆಕಾರ್ಡರಿನಲ್ಲಿ ಇದ್ದದ್ದೇ ಒಂದು ಮೈಕ್, ಎಡ ಬಲ ಎರಡರಲ್ಲೂ ಬರುವುದು ಒಂದೇ ಸ್ವರ, ಸುಮ್ನೆ ಎರಡು ಪ್ರತಿ ಯಾಕೆ? ಮೋನೋದಲ್ಲಿ ಇಳಿಸಿದೆವು. ಗಾತ್ರ ಸರಿಯಾಗಿ ಅರ್ಧ, 19.05 ಜಿಬಿ. 32ರ ಪೆನ್ ಡ್ರೈವಿನಲ್ಲಿ ಆರಾಮವಾಗಿ ಕೂರುತ್ತದೆ. ಎಂಪಿ3 ಮಾಡಿದರೆ ಇನ್ನೂ ಸಣ್ಣದು. 128 ಕೆಬಿಪಿಎಸ್ ಅಂದರೆ ಸೆಕೆಂಡಿಗೆ 128 ಕಿಲೋಬಿಟ್, 8ರಿಂದ ಭಾಗಿಸಿದರೆ ಸೆಕೆಂಡಿಗೆ 16 ಕೆಬಿ, ಗಂಟೆಗೆ 57.6 ಎಂಬಿ, 60 ಗಂಟೆಗೆ ಸುಮಾರು ಮೂರೂವರೆ ಜಿಬಿ. ಹಂಚಲಿಕ್ಕೆ ಅದು ಸಾಕು. ಆದರೆ ಕಾಪಿಡುವ ಪ್ರತಿ ಎಂಪಿ3 ಆಗಬಾರದು ಅಂತ ನನ್ನ ಅಭಿಪ್ರಾಯ, ಅಲ್ಲಿ ಒಮ್ಮೆ ಕಳೆದುಹೋದ ಧ್ವನಿಯ ಸೂಕ್ಷ್ಮ ಮತ್ತೆ ಬರುವುದಿಲ್ಲ, ಮದ್ದಳೆಯ ಪೆಟ್ಟಿನ ಕೊನೆಯ ಗುಂಯ್ ಅನ್ನುವುದನ್ನು ಒಮ್ಮೆ ಎರಡರಲ್ಲೂ ಕೇಳಿ ನೋಡಿ.

ಕಳಿಸುವ ಹೊತ್ತಿನಲ್ಲಿ ನಾನು ತಪ್ಪು ಮಾಡಿದೆ. ನಮ್ಮ ಅಪ್‌ಲೋಡ್ ವೇಗ 20 ಎಂಬಿಪಿಎಸ್. 19,051 ಎಂಬಿಯನ್ನು 20ರಿಂದ ಭಾಗಿಸಿ, 16 ನಿಮಿಷದಲ್ಲಿ ಬರುತ್ತದೆ ಅಂತ ಮಾವನಿಗೆ ಫೋನ್ ಮಾಡಿ ಹೇಳಿದೆ. ಬಿಟ್ಟೋ ಬೈಟೋ ಅಂತ ಕೇಳಿಕೊಳ್ಳಲೇ ಇಲ್ಲ. 20 ಎಂಬಿಪಿಎಸ್ ಅಂದರೆ 20 ಮೆಗಾಬಿಟ್, 8ರಿಂದ ಭಾಗಿಸಿದರೆ ಸೆಕೆಂಡಿಗೆ ಎರಡೂವರೆ ಎಂಬಿ ಮಾತ್ರ. 19,051ನ್ನು 2.5ರಿಂದ ಭಾಗಿಸಿದರೆ 7,620 ಸೆಕೆಂಡ್, ಎರಡು ಗಂಟೆ ಏಳು ನಿಮಿಷ. ವಯಸ್ಸಾದವರು ಅಷ್ಟು ಹೊತ್ತು ಕಾದು ಕೂತರು, ಅದು ನನಗೆ ಬೇಜಾರಾಯಿತು. ಅದೂ ವೇಗ ಒಂದೇ ಸಮ ಇದ್ದರೆ, ಮಳೆಗಾಲದಲ್ಲಿ ಕರೆಂಟ್ ಹೋಗದಿದ್ದರೆ. ನೀವು ಲೆಕ್ಕ ಹಾಕುವಾಗ ಬಂದ ಸಮಯದ ಮೇಲೆ ಅರ್ಧದಷ್ಟು ಸೇರಿಸಿಯೇ ಹೇಳಿ.

ಮೊಬೈಲಿನ ಡೇಟಾ ಪ್ಯಾಕಿಗೂ ಇದೇ ದಾರಿ. ದಿನಕ್ಕೆ 2 ಜಿಬಿ, ವೇಗ 40 ಎಂಬಿಪಿಎಸ್ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 5 ಎಂಬಿ. ಪೂರ್ತಿ ವೇಗದಲ್ಲಿ ಇಳಿಸಿದರೆ 400 ಸೆಕೆಂಡ್, ಏಳು ನಿಮಿಷದೊಳಗೆ ದಿನದ ಪ್ಯಾಕ್ ಖಾಲಿ.

ಯಕ್ಷಗಾನದ ಆಟದ ವೀಡಿಯೊ ಮಾಡುವವರಿಗೆ ಇನ್ನೊಂದು ತೊಡಕು ಉಂಟು. ನಿಮ್ಮ ಕ್ಯಾಮೆರಾ 16 ಎಂಬಿಪಿಎಸ್‌ನಲ್ಲಿ ಬರೆಯುತ್ತದೆ ಅಂದರೆ ಸೆಕೆಂಡಿಗೆ 2 ಎಂಬಿ, ಗಂಟೆಗೆ 7.2 ಜಿಬಿ, ಆರು ಗಂಟೆಯ ಆಟಕ್ಕೆ 43.2 ಜಿಬಿ. 64ರ ಡ್ರೈವಿನಲ್ಲಿ ಜಾಗ ಬೇಕಾದಷ್ಟು ಇರುತ್ತದೆ, ಆದರೂ ಫೈಲ್ ತುಂಬಾ ದೊಡ್ಡದಾಯಿತು ಅಂತ ಕಂಪ್ಯೂಟರ್ ತಡೆಯಬಹುದು. ಡ್ರೈವ್ ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ, ಈ 4 ಜಿಬಿ 1024ರ ಲೆಕ್ಕದ್ದು. ಮೇಲಿನ ವೇಗದಲ್ಲಿ 36 ನಿಮಿಷದೊಳಗೇ ಆ ಮಿತಿ ಬಂತು. ಡ್ರೈವನ್ನು ಎಕ್ಸ್‌ಫ್ಯಾಟ್ ರೀತಿಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿ ಹೋಗುತ್ತದೆ, ಮೊದಲು ಬೇರೆ ಕಡೆ ಕಾಪಿ ಮಾಡಿಡಿ.

ಕೇರಳದಲ್ಲಿ ಸರ್ಕಾರಿ ಆನ್‌ಲೈನ್ ಸೇವೆ ಕೊಡುವ ಅಕ್ಷಯ ಕೇಂದ್ರಕ್ಕೆ ಅರ್ಜಿ ತುಂಬಲು ಹೋದಾಗ ಫೋಟೊ 50 ಕೆಬಿಯೊಳಗೆ ಬೇಕು ಅನ್ನುತ್ತಾರಲ್ವಾ? ಫೋನಿನ ಫೋಟೊ 3 ಎಂಬಿ ಅಂದರೆ 3000 ಕೆಬಿ, 60 ಪಾಲು ಮಾಡಿ ಒಂದು ಪಾಲು ಇಟ್ಟುಕೊಳ್ಳಬೇಕು. ಉದ್ದ ಅಗಲ ಕಡಿಮೆ ಮಾಡಿದರೆ ಗಾತ್ರ ತಾನಾಗಿ ಇಳಿಯುತ್ತದೆ. 50 ಅಂದರೆ 50,000 ಬೈಟೋ 51,200 ಬೈಟೋ ಅಂತ ಅಲ್ಲಿ ಬರೆದಿರುವುದಿಲ್ಲ, ಹಾಗಾಗಿ 48ಕ್ಕೇ ನಿಲ್ಲಿಸಿ.

ಕನ್ನಡದ ಅಕ್ಷರಕ್ಕೂ ಲೆಕ್ಕ ಉಂಟು, ನನಗೆ ಇದು ತುಂಬಾ ಇಷ್ಟ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಈಗ ಎಲ್ಲ ಕಡೆ ನಡೆಯುವ ಯುಟಿಎಫ್-8 ಅನ್ನುವ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್. 'ಯಕ್ಷಗಾನ' ಅಂತ ಬರೆದರೆ ಕಣ್ಣಿಗೆ ನಾಲ್ಕೇ ಅಕ್ಷರ, ಆದರೆ ಒಳಗೆ ಯ, ಕ, ವಿರಾಮ (ಒತ್ತು ಕೂಡಿಸುವ ಗುರುತು), ಷ, ಗ, ದೀರ್ಘ, ನ ಅಂತ ಏಳು ಚಿಹ್ನೆ, 21 ಬೈಟ್. ಪಕ್ಕದ ಮಲಯಾಳಕ್ಕೂ ಹೀಗೆಯೇ 3. 2024ರಲ್ಲಿ ಯುನಿಕೋಡ್ ಅನ್ನುವ ಜಾಗತಿಕ ಅಕ್ಷರ ಪಟ್ಟಿಗೆ ಸೇರಿದ ತುಳು-ತಿಗಳಾರಿ ಲಿಪಿಗೆ ಚಿಹ್ನೆಗೆ 4 ಬೈಟ್. ಎಸ್ಸೆಮ್ಮೆಸ್‌ನಲ್ಲಿ ಇದರಿಂದ ದುಡ್ಡಿನ ವ್ಯತ್ಯಾಸವೇ ಆಗುತ್ತದೆ. ಒಂದು ಮೆಸೇಜಿಗೆ ಜಾಗ 140 ಬೈಟ್, ಅಂದರೆ 1120 ಬಿಟ್. ಇಂಗ್ಲಿಷಿಗೆ ಅಲ್ಲಿ 7 ಬಿಟ್ ಸಾಕು, 160 ಅಕ್ಷರ ಹಿಡಿಯುತ್ತದೆ. ಕನ್ನಡಕ್ಕೆ 16 ಬಿಟ್ ಬೇಕು, 70 ಚಿಹ್ನೆಗೇ ಮುಗಿಯಿತು. ಮದುವೆಯ ಕರೆಯೋಲೆಯನ್ನು ಕನ್ನಡದಲ್ಲಿ ಎಸ್ಸೆಮ್ಮೆಸ್ ಮಾಡುವವರು ಎಣಿಸಿಕೊಂಡು ಬರೆಯಿರಿ, ಒತ್ತಕ್ಷರ, ಕಾಗುಣಿತ ಎಲ್ಲವನ್ನೂ ಸೇರಿಸಿ. ಇಂಗ್ಲಿಷಿಗೆ ತಿರುಗಬೇಕಾಗಿಲ್ಲ.

ಕೊನೆಗೆ, ಕಾಪಿ ಸರಿಯಾಗಿ ಆಯಿತಾ ಅಂತ ನೋಡುವಾಗ ಜಿಬಿ ನೋಡಬೇಡಿ. ನಮ್ಮ ವಿಂಡೋಸ್ ಕಂಪ್ಯೂಟರ್ ಆ ಫೋಲ್ಡರನ್ನು 17.7 ಜಿಬಿ ಅಂತ ತೋರಿಸಿತು, ಮಾವನ ಮ್ಯಾಕ್ 19.05 ಅಂತ. ಫೋನಿನಲ್ಲಿ ಮಾವ ಗಾಬರಿಯಾದರು, ಹೆಚ್ಚಿಗೆ ಏನೋ ಬಂದಿದೆ ಅಂತ. ಪ್ರಾಪರ್ಟೀಸ್ ತೆರೆದರೆ ಆವರಣದೊಳಗೆ ಬೈಟ್ ಸಂಖ್ಯೆ ಪೂರ್ತಿ ಇರುತ್ತದೆ, ಮ್ಯಾಕ್‌ನಲ್ಲಿ ಗೆಟ್ ಇನ್ಫೋ ಒತ್ತಿದರೂ ಕಾಣುತ್ತದೆ. ವಿಂಡೋಸಿನಲ್ಲಿ ಅದರ ಕೆಳಗೆ ಡಿಸ್ಕಿನಲ್ಲಿ ಹಿಡಿದ ಜಾಗ ಅಂತ ಇನ್ನೊಂದು ಸಂಖ್ಯೆ ಉಂಟು, ಅದನ್ನು ಬಿಟ್ಟುಬಿಡಿ, ಡಿಸ್ಕ್ ಜಾಗವನ್ನು ತುಂಡು ತುಂಡಾಗಿ ಕೊಡುವುದರಿಂದ ಅದು ಬೇರೆಯೇ ಇರುತ್ತದೆ. ನಾನು ಇಲ್ಲಿಂದ ಒಂದೊಂದೇ ಅಂಕೆ ಓದಿದೆ, ಮಾವ ಅಲ್ಲಿ ಕನ್ನಡಕ ಹಾಕಿಕೊಂಡು ಒಂದೊಂದಕ್ಕೂ ಹೂಂ ಅಂದರು. ಕೊನೆಯ ಅಂಕೆಯವರೆಗೂ ಸರಿ ಇತ್ತು.