ತೂಕದ ಬಟ್ಟು ಕಟ್ಟಿ ಸೆರಾಮಿಕ್ ಕೊರೆದದ್ದು: ಹರಿಹರದ ಶೆಡ್ಡಿನಿಂದ ನನ್ನ ಅನುಭವ

ಬೆಂದ 99.5 ಪರ್ಸೆಂಟ್ ಶುದ್ಧ ಅಲ್ಯೂಮಿನಾ ಸೆರಾಮಿಕ್ ಡಿಸ್ಕಿಗೆ 12 ಮಿ.ಮೀ. ತೂತು, ಡ್ರಿಲ್ ಹೊರಬೀಳುವ ಕಡೆಯೂ ಚಕ್ಕೆ ಏಳಬಾರದು. ಅದೂ ಹಳೇ ಪಿಲ್ಲರ್ ಡ್ರಿಲ್ಲಿನಲ್ಲಿ. ಇದು ಆಗುತ್ತೆ ಅಂದಾಗ ಹರಿಹರದಲ್ಲಾಗಲಿ ದಾವಣಗೆರೆಯಲ್ಲಾಗಲಿ ಒಬ್ಬರೂ ನಂಬಲಿಲ್ಲ. ಈಗ ತಿಂಗಳಿಗೆ ಐದಾರು ನೂರು ತೂತು ಕೊರೆದು ಕಳಿಸ್ತಿದ್ದೇನೆ. ರಿಜೆಕ್ಷನ್ ನೂರಕ್ಕೆ ಎರಡು, ಬಹಳ ಅಂದ್ರೆ ಮೂರು. ಬೆಂಗಳೂರಿನ ದೊಡ್ಡ ಶಾಪ್‌ಗಳ ಲೆಕ್ಕ ನನಗೆ ಗೊತ್ತು, ಇದು ಅವರ ಮುಂದೆ ಇಟ್ಟು ಹೇಳಬಹುದಾದ ಲೆಕ್ಕವೇ.

ಹಸಿಯಾಗಿದ್ದಾಗಲೇ ತೂತು ಹಾಕಿ ಬೇಯಿಸಬಹುದಲ್ಲ ಅಂತ ಕೇಳುವವರಿದ್ದಾರೆ. ಬರೀ ತೂತು ಬೇಕಾದರೆ ಸಾಕು. 1600 ಡಿಗ್ರಿ ಹತ್ತಿರ ಬೆಂದಾಗ ಅಲ್ಯೂಮಿನಾ 16-18 ಪರ್ಸೆಂಟ್ ಕುಗ್ಗುತ್ತೆ. ಲಾಟಿನಿಂದ ಲಾಟಿಗೆ ಅದರಲ್ಲಿ ಅರ್ಧ ಪರ್ಸೆಂಟ್ ಹೆಚ್ಚುಕಮ್ಮಿಯಾದರೆ ತೂತಿನಿಂದ ತೂತಿಗೆ 50 ಮಿ.ಮೀ. ಅಂತರದಲ್ಲಿ ಕಾಲು ಮಿ.ಮೀ. ಹೋಯ್ತು. ಪಂಪಿನ ಪಾರ್ಟಿಗಳು ಕೇಳೋದು 50 ಮೈಕ್ರಾನಿನ ಒಳಗೆ. ಹಾಗಾಗಿ ಬೆಂದ ಮೇಲೆ ಡೈಮಂಡ್ ಕೋರ್ ಡ್ರಿಲ್ಲಿನಲ್ಲೇ (ತುದಿಗೆ ವಜ್ರದ ಪುಡಿ ಕೂರಿಸಿದ ಕೊಳವೆಯಂಥ ಡ್ರಿಲ್) ಕೊರೆಯಬೇಕು.

ಮೊದಲ ಆರ್ಡರ್ ಕೈ ಫೀಡಿನಲ್ಲಿ, ಅಂದರೆ ಕೈಯಿಂದಲೇ ಡ್ರಿಲ್ ಒತ್ತಿ ಮಾಡಿದ್ದು. ತೂತು ಹಾಕದ ಡಿಸ್ಕು, ಅಂದರೆ ಬ್ಲ್ಯಾಂಕ್, ಒಂದಕ್ಕೆ ಸುಮಾರು 800 ರೂಪಾಯಿ. ಅರ್ಧಕ್ಕರ್ಧ ತಳದಲ್ಲಿ ಬಿರಿದವು. ಕೋರ್ ಡ್ರಿಲ್ ಬೇರೆ ಒಂದೊಂದು ಮೂರೂವರೆ ಸಾವಿರದ್ದು, ಹತ್ತು ಹದಿನೈದು ತೂತಿಗೆ ಬೋಳಾಗ್ತಿತ್ತು. ಎಲ್ಲಾ ಸೇರಿ ಅರವತ್ತು ಎಪ್ಪತ್ತು ಸಾವಿರ ಮಣ್ಣುಪಾಲು. ಪಾರ್ಟಿ ಅಡ್ವಾನ್ಸ್ ವಾಪಸ್ ಕೇಳಿತು. ಹತ್ತಿರದ ಫೌಂಡ್ರಿಯ ಹಿರಿಯರು ಬಂದು ನೋಡಿ, "ತಮ್ಮಾ, ಇದು ನಮ್ಮೂರಿನ ಕೆಲಸ ಅಲ್ಲ ಬಿಡು. ಎರಕದ ಮಾಲು ಮಾಡು, ಹೊಟ್ಟೆ ತುಂಬತೈತಿ" ಅಂದರು.

ಕೆಟ್ಟ ತೂತುಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹೊಸ ಡ್ರಿಲ್ಲಿನಲ್ಲಿ ಕೊರೆದವು ಚೆನ್ನಾಗಿದ್ದವು. ಡ್ರಿಲ್ ಮೊಂಡಾದಷ್ಟೂ ಚಕ್ಕೆ ದೊಡ್ಡದು. ಕೈ ಎಷ್ಟೇ ಪಳಗಿದ್ದರೂ ಡ್ರಿಲ್ ಮುಂದೆ ಹೋಗದಿದ್ದರೆ ಇನ್ನಷ್ಟು ಒತ್ತುತ್ತೆ, ಅದು ಕೈಯ ಸ್ವಭಾವ. ಮೋಟರ್ ಫೀಡ್ ಇನ್ನೂ ಕೆಟ್ಟದ್ದು, ಅದಕ್ಕೆ ಮೊಂಡು ಚೂಪು ಒಂದೂ ಗೊತ್ತಿಲ್ಲ, ನುಗ್ಗುತ್ತಲೇ ಇರುತ್ತೆ. ಸೆರಾಮಿಕ್ಕಿಗೆ ಬೇಕಾದ್ದು ಒಂದೇ ಸಮನಾದ ಒತ್ತಡ. ಡ್ರಿಲ್ ಮೊಂಡಾದರೆ ಫೀಡ್ ತಾನಾಗಿ ನಿಧಾನ ಆಗಲಿ, ಒತ್ತಡ ಮಾತ್ರ ಏರಬಾರದು.

ಅದಕ್ಕೇ ತೂಕದ ಬಟ್ಟು. ಮೊದಲು ಹ್ಯಾಂಡಲ್ಲಿಗೇ ನೇತುಹಾಕಿದೆ. ಹ್ಯಾಂಡಲ್ ಕೆಳಗಿಳಿದಂತೆ ಕೋನ ಬದಲಾಗಿ ಒತ್ತಡವೂ ಬದಲಾಗ್ತಿತ್ತು. ಹ್ಯಾಂಡಲ್ ಬಿಚ್ಚಿ ಅದೇ ಶಾಫ್ಟಿಗೆ ಸೈಕಲ್ ರಿಮ್ ಕೂರಿಸಿ, ರಿಮ್ಮಿನ ತೋಡಿನಲ್ಲಿ ತಂತಿ ಸುತ್ತಿ, ತುದಿಗೆ ಬಟ್ಟು ಕಟ್ಟಿದೆ. ಈಗ ಮೇಲಿಂದ ಕೆಳಗಿನವರೆಗೆ ಒಂದೇ ಒತ್ತಡ. ರಿಮ್ಮಿನ ತ್ರಿಜ್ಯ 300 ಮಿ.ಮೀ. ಹತ್ತಿರ, ಡ್ರಿಲ್ಲನ್ನು ಕೆಳಗಿಳಿಸುವ ಹಲ್ಲುಚಕ್ರದ್ದು (ಪಿನಿಯನ್) ಸುಮಾರು 20. ಅಂದರೆ 1 ಕೆ.ಜಿ. ಬಟ್ಟಿಗೆ ಡ್ರಿಲ್ಲಿನ ತುದಿಯಲ್ಲಿ 15 ಕೆ.ಜಿ. ಒತ್ತಡ. ಡ್ರಿಲ್ಲನ್ನು ಮೇಲೆತ್ತುವ ರಿಟರ್ನ್ ಸ್ಪ್ರಿಂಗ್ ತೆಗೆದುಹಾಕಿದ್ದೇನೆ, ಅದಿದ್ದರೆ ಈ ಲೆಕ್ಕ ಕೆಡುತ್ತೆ.

ನನಗೆ ಹೆಮ್ಮೆ ಇರೋದು ಮುಂದಿನದರ ಬಗ್ಗೆ. ಚಕ್ಕೆ ಏಳೋದು ಕೊನೇ ಒಂದು ಮಿಲಿಮೀಟರಿನಲ್ಲಿ, ತಳ ತೆಳ್ಳಗಾಗಿ ಒತ್ತಡ ತಾಳದೇ ಹೋದಾಗ. ಒಂದರ ಕೆಳಗೊಂದು ಎರಡು ಬಟ್ಟು ಕಟ್ಟಿ, ಕೆಳಗಿನದಕ್ಕೆ ಒಂದು ಮರದ ತುಂಡು ಇಟ್ಟಿದ್ದೇನೆ. ಇನ್ನು ಒಂದು ಮಿ.ಮೀ. ಬಾಕಿ ಅನ್ನುವಾಗ ಕೆಳಗಿನ ಬಟ್ಟು ಆ ತುಂಡಿನ ಮೇಲೆ ಕೂತುಬಿಡುತ್ತೆ. ಮೇಲಿನದೊಂದೇ ಎಳೆಯುತ್ತೆ, ಒತ್ತಡ ಅರ್ಧಕ್ಕಿಳಿಯುತ್ತೆ. ಡ್ರಿಲ್ 1 ಮಿ.ಮೀ. ಇಳಿದರೆ ಬಟ್ಟು 15 ಮಿ.ಮೀ. ಇಳಿಯೋದರಿಂದ ತುಂಡಿನ ಎತ್ತರ ಸೆಟ್ ಮಾಡೋಕೆ ಸ್ಕೇಲ್ ಸಾಕು. ಹುಡುಗ ಪಕ್ಕದ ಮೆಷಿನ್ನಿನಲ್ಲಿ ಬೇರೆ ಕೆಲಸ ಮಾಡ್ಕೊಂಡಿರ್ತಾನೆ, ಬಟ್ಟು ಕೂತ ಟಪ್ ಸದ್ದು ಕೇಳಿದ ಮೇಲೆ ಇತ್ತ ಬರ್ತಾನೆ.

ಡ್ರಿಲ್ ಹೊರಬೀಳುವ ಕಡೆ ಆಸರೆ ಇರಲಿ ಅಂತ ಜಾಬಿನ ತಳಕ್ಕೆ ಕಿಟಕಿ ಗಾಜಿನ ತುಂಡು ಮೇಣದಲ್ಲಿ ಅಂಟಿಸೋದು ಈ ಕೆಲಸದವರಿಗೆಲ್ಲ ಗೊತ್ತಿರೋದೇ. ಮೇಣಕ್ಕೆ ನಾನು ಏನು ಬೆರೆಸ್ತೀನಿ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದರಿಂದಲೇ ನನ್ನ ರಿಜೆಕ್ಷನ್ ಐದಾರರಿಂದ ಎರಡಕ್ಕೆ ಇಳಿದದ್ದು.

ಸ್ಪಿಂಡಲ್ ಕೆಲಸಕ್ಕೆ ಹಣ ಹಾಕಲೇಬೇಕು. ತಿರುಗುವಾಗಿನ ಓಲಾಟ (ರನ್‌ಔಟ್) 20 ಮೈಕ್ರಾನಿಗಿಂತ ಹೆಚ್ಚಿದ್ದರೆ ಯಾವ ಬಟ್ಟೂ ಕಾಪಾಡಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಮೆಷಿನ್ ಕಾರ್ಖಾನೆ ಈಗ ಇಲ್ಲ, ಆದರೆ ಅಲ್ಲಿ ಪಳಗಿದ ಕೈಗಳು ಹರಿಹರದಲ್ಲಿ ಇನ್ನೂ ಇವೆ. ಅಂಥ ಹಿರಿಯರೊಬ್ಬರು ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಜೋಡಿ ಕೂರಿಸಿ ಕೊಟ್ಟರು. ಬೇರಿಂಗ್, ತಿರುಗುವ ಡ್ರಿಲ್ಲಿನೊಳಕ್ಕೆ ನೀರು ಬಿಡುವ ಸ್ವಿವೆಲ್, ಪಂಪು, ರಿಮ್ಮು ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಆಸುಪಾಸು. ನೀರು ಡ್ರಿಲ್ಲಿನ ಒಳಗಿಂದಲೇ ಬರಬೇಕು, ಹೊರಗಿಂದ ಸುರಿದರೆ ಪುಡಿ ಕೊರೆದ ಸಂದಿಯಲ್ಲೇ ಉಳಿಯುತ್ತೆ. ಈಗ ಒಂದು ಡ್ರಿಲ್ 60-70 ತೂತಿಗೆ ಬಾಳ್ತಿದೆ. ಫೀಡ್ ತೀರಾ ಬಿದ್ದಾಗ ಬಿಳೀ ಅಲ್ಯೂಮಿನಾ ಸ್ಟಿಕ್ಕಿನಲ್ಲಿ ಉಜ್ಜಿ ಮತ್ತೆ ಚೂಪು ಮಾಡ್ತೀವಿ.

ಕಳಿಸುವ ಮುಂಚೆ ಪ್ರತಿ ಡಿಸ್ಕಿಗೂ ನೀಲಿ ಇಂಕು ಹಚ್ಚಿ ಒರೆಸ್ತೀವಿ. ಬಿರುಕಿದ್ದರೆ ಬಿಳಿಯ ಮೇಲೆ ಕೂದಲೆಳೆಯ ಹಾಗೆ ಗೆರೆ ಉಳಿಯುತ್ತೆ. ಈ ಒಂದು ಪರೀಕ್ಷೆಯಿಂದಲೇ ಹಳೇ ಪಾರ್ಟಿ ವಾಪಸ್ ಬಂತು.

ಜಿರ್ಕೋನಿಯಾ ಅನ್ನೋ ಇನ್ನೊಂದು ಸೆರಾಮಿಕ್ಕಿನದು ಬೇರೆಯದೇ ಕಥೆ. ಅಲ್ಯೂಮಿನಾದಷ್ಟು ಬೇಗ ಒಡೆಯಲ್ಲ, ಆದರೆ ಶಾಖ ಹರಿಯಲು ಬಿಡಲ್ಲ. ನೀರು ಒಂದು ಕ್ಷಣ ತಪ್ಪಿದರೆ ಕಿತ್ತಳೆ ಬಣ್ಣದ ಕಿಡಿ ಕಾಣುತ್ತೆ. ಕಿಡಿ ಕಂಡರೆ ಡ್ರಿಲ್ಲಿನಲ್ಲಿ ವಜ್ರದ ಕಣ ಹಿಡಿದಿಡುವ ಬಾಂಡ್ ಸುಟ್ಟಿತು ಅಂತಲೇ ಲೆಕ್ಕ.

ಇದೇ ಬಟ್ಟಿನ ಧೈರ್ಯದ ಮೇಲೆ ಬಿಕೆ7 ಅನ್ನೋ ಆಪ್ಟಿಕಲ್ ಗಾಜಿಗೂ ಕೈ ಹಾಕಿದೆ. ಕೊರೆಯೋದು ಸುಲಭ, ಅಲ್ಯೂಮಿನಾಕ್ಕೆ ಹಾಕುವ ತೂಕದ ಮೂರನೇ ಒಂದು ಭಾಗ ಸಾಕು. ಕಷ್ಟ ಇರೋದು ಪಾಲಿಶಿನಲ್ಲಿ. ನಮ್ಮ ಬೋರಿನ ಗಡಸು ನೀರಿಗೆ ಗಾಜಿನ ಪಾಲಿಶ್ ಪುಡಿಯಾದ ಸೀರಿಯಂ ಆಕ್ಸೈಡ್ ಕಲಸಿದರೆ ಹಾಲು ಒಡೆದ ಹಾಗೆ ಗಂಟುಗಂಟಾಗಿ ತಳ ಸೇರುತ್ತೆ. ಕಿಲೋಗೆ ಸಾವಿರದ ಮೇಲೆ ಕೊಟ್ಟು ತಂದ ಪುಡಿ ಹಾಗೆ ಹಾಳಾಗೋದು ನೋಡಿ ಆರ್‌ಒ ಹಾಕಿಸಿದೆ. 2010-11ರಲ್ಲಿ ಚೀನಾ ರಫ್ತಿಗೆ ಕಡಿವಾಣ ಹಾಕಿದಾಗ ಈ ಪುಡಿಯ ಬೆಲೆ ಎಷ್ಟು ಪಟ್ಟು ಏರಿತ್ತು ಅನ್ನೋದು ಗಾಜಿನ ಕೆಲಸದವರಿಗೆ ನೆನಪಿರುತ್ತೆ.

ಆ ಹೆದರಿಕೆಯಿಂದಲೇ ಇನ್ನೊಂದು ಪ್ರಯೋಗ ಮಾಡಿ ನೋಡಿದೆ. ದಾವಣಗೆರೆಯ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟಿನ ಬೂದಿಗೆ ಬರವಿಲ್ಲ, ಅದರಲ್ಲಿ ಬಹುಪಾಲು ಸಿಲಿಕಾ. ಬಟ್ಟೆಯಲ್ಲಿ ಸೋಸಿ, ನೀರಿನಲ್ಲಿ ತಿಳಿಗೊಳಿಸಿ, ತೇಲಿದ ಸಣ್ಣ ಪುಡಿ ಮಾತ್ರ ತೆಗೆದು ಗಾಜಿಗೆ ಹಚ್ಚಿದೆ. ಮಂಕಾದ ಹೊಳಪು ಬಂತು, ಜೊತೆಗೆ ಅಲ್ಲೊಂದು ಇಲ್ಲೊಂದು ಗೀರು. ಬೂದಿಯಲ್ಲಿ ಉಳಿದ ಮರಳಿನ ಕಣ ಎಷ್ಟು ಸೋಸಿದರೂ ಹೋಗಲ್ಲ. ಹಿತ್ತಾಳೆಗೆ ಮಾತ್ರ ಅದೇ ಬೂದಿ ಚೆನ್ನಾಗಿ ಒಗ್ಗಿತು, ಶೆಡ್ಡಿನ ಫಿಟ್ಟಿಂಗ್‌ಗಳಿಗೆ ಈಗಲೂ ಅದನ್ನೇ ಬಳಸ್ತೀವಿ.

ಇನ್ನೊಂದು ತೊಂದರೆ ಬಿಸಿಲು. ಏಪ್ರಿಲ್-ಮೇನಲ್ಲಿ ತಗಡಿನ ಶೀಟಿನ ಕೆಳಗೆ ಪಾಲಿಶ್ ಮಾಡುವ ಪಿಚ್ (ಡಾಂಬರಿನಂಥ ಅಂಟು) ಮೆತ್ತಗಾಗಿ ಹರಿಯುತ್ತೆ, ಗಾಜಿನ ಅಂಚು ಹೆಚ್ಚು ಸವೆದು ತಗ್ಗಾಗುತ್ತೆ. ಸೋಡಿಯಂ ದೀಪದ ಕೆಳಗೆ ಆಪ್ಟಿಕಲ್ ಫ್ಲ್ಯಾಟ್ (ಸಮತಟ್ಟು ಪರೀಕ್ಷಿಸುವ ಗಾಜು) ಇಟ್ಟರೆ ನೆಟ್ಟಗಿರಬೇಕಾದ ಬೆಳಕು-ಕತ್ತಲೆಯ ಪಟ್ಟಿಗಳು ಬಿಲ್ಲಿನ ಹಾಗೆ ಬಾಗಿರುತ್ತವೆ. ಒಂದು ಪಟ್ಟಿ ಅಂದರೆ 0.3 ಮೈಕ್ರಾನಿಗೆ ಸ್ವಲ್ಪ ಕಮ್ಮಿ. ಬೇಸಿಗೆಯಲ್ಲಿ ಪಾಲಿಶ್ ಬೆಳಗಿನ ಜಾವ ನಾಲ್ಕಕ್ಕೆ ಶುರು, ಒಂಬತ್ತಕ್ಕೆ ಬಂದ್. ಹಾಗೆ ಮಾಡಿದ ಮೇಲೆ ಎರಡು ಪಟ್ಟಿಯ ಒಳಗೆ ನಿಲ್ತಿದೆ. ಸೈಟ್ ಗ್ಲಾಸ್, ಸೆನ್ಸರ್ ಕಿಟಕಿಗೆ ಇದು ಧಾರಾಳ. ಲೆನ್ಸ್ ಕೆಲಸ ನಾನು ಹಿಡಿಯಲ್ಲ.

ರೇಟು: ಅಲ್ಯೂಮಿನಾ 10 ಮಿ.ಮೀ. ದಪ್ಪಕ್ಕೆ ತೂತಿಗೆ 180ರಿಂದ 220. ಬ್ಲ್ಯಾಂಕ್ ಪಾರ್ಟಿಯದೇ. ಒಂದು ತೂತಿಗೆ ಹನ್ನೆರಡು ನಿಮಿಷದಷ್ಟು ಹಿಡಿಯುತ್ತೆ, ಆದರೆ ಒಬ್ಬ ಹುಡುಗ ಮೂರು ಮೆಷಿನ್ ನೋಡ್ಕೊಳ್ತಾನೆ. ಜವಳಿ ಮಿಲ್ಲಿನ ನೂಲು ಹಾಯುವ ಸೆರಾಮಿಕ್ ಥ್ರೆಡ್ ಗೈಡುಗಳನ್ನೂ ಮಾಡಿ ನೋಡಿದೆ. ದಾವಣಗೆರೆಯ ಮಿಲ್ಲುಗಳು ನಡೀತಿದ್ದ ಕಾಲ ಆಗಿದ್ದರೆ ಮನೆಬಾಗಿಲಲ್ಲೇ ಗಿರಾಕಿ ಇರ್ತಿದ್ದರು. ಈಗ ಕೊಯಮತ್ತೂರು, ಇಚಲಕರಂಜಿಗೆ ಕಳಿಸುವ ಖರ್ಚಿನಲ್ಲಿ ಲಾಭ ಉಳಿಯಲ್ಲ, ಬಿಟ್ಟೆ.

ಸದ್ಯ ಸಿಲಿಕಾನ್ ಕಾರ್ಬೈಡಿನ ಸೀಲ್ ರಿಂಗ್ ಮೇಜಿನ ಮೇಲಿದೆ. ಅದೇ ರಿಮ್ಮು, ಬಟ್ಟು ಮಾತ್ರ ಅರ್ಧ ಕೆ.ಜಿ. ಜಾಸ್ತಿ. ಡ್ರಿಲ್ 20 ತೂತಿಗೇ ಸೋಲ್ತಿದೆ. ಮುಂದಿನ ವಾರ ತೆಳು ಗೋಡೆಯ, ದಪ್ಪ ಗ್ರಿಟ್ಟಿನ (ದಪ್ಪ ವಜ್ರದ ಕಣದ) ಡ್ರಿಲ್ ಬರುತ್ತೆ, ಅದರಲ್ಲಿ 40 ದಾಟಿದರೆ ಆರ್ಡರ್ ಒಪ್ಪಿಕೊಳ್ತೀನಿ.