ಕೆಲಸದ ಸುಸ್ತು ಮನೆಯಲ್ಲೂ ಬಿಡುತ್ತಿಲ್ಲವೇ? ಮೊದಲು ಮೇಜು, ದೀಪ ನೋಡಿ

ಮನೆಯಿಂದಲೇ ಕೆಲಸ ಮಾಡಿ ಬಳಲಿ ಹೋಗಿದ್ದೀರಾ? ಮೊದಲು ಲ್ಯಾಪ್‌ಟಾಪನ್ನು ಹಾಸಿಗೆಯಿಂದ ದೂರ ಇಡಿ. ಬೇರೆ ಕೋಣೆ ಇಲ್ಲದಿದ್ದರೂ ಪರವಾಗಿಲ್ಲ, ಕೆಲಸ ಮುಗಿದ ಮೇಲೆ ಅದನ್ನು ಕಪಾಟಿಗೆ ಹಾಕಿ ಬಾಗಿಲು ಮುಚ್ಚಿದರೂ ಸಾಕು, ಕಣ್ಣಿಗೆ ಬೀಳದ ಕೆಲಸ ತಲೆಯನ್ನೂ ಅಷ್ಟಾಗಿ ಕೊರೆಯುವುದಿಲ್ಲ. ಮೇಜನ್ನು ಕಿಟಕಿ ಪಕ್ಕಕ್ಕೆ ಎಳೆಯಿರಿ. 1984ರಲ್ಲಿ ಅಮೆರಿಕದ ಸಂಶೋಧಕ ರೋಜರ್ ಉಲ್ರಿಚ್ ಪ್ರಕಟಿಸಿದ ಅಧ್ಯಯನದಲ್ಲಿ, ಕಿಟಕಿಯಿಂದ ಮರ ಕಾಣುತ್ತಿದ್ದ ರೋಗಿಗಳು ಆಪರೇಷನ್ ಆದ ಮೇಲೆ ಬರೀ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ನೋವಿಗೆ ಬಲವಾದ ಔಷಧಿಯೂ ಕಡಿಮೆ ಬೇಕಾಯಿತು. ಸಂಜೆ ಬಿಳಿ ಟ್ಯೂಬ್‌ಲೈಟ್ ಆರಿಸಿ 2700 ಕೆಲ್ವಿನ್‌ನ ಹಳದಿ ದೀಪ ಹಚ್ಚಿ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ). ನೀಲಿ ಅಂಶ ಜಾಸ್ತಿ ಇರುವ ಬೆಳಕು ನಿದ್ದೆಗೆ ಬೇಕಾದ ಮೆಲಟೋನಿನ್ ಎಂಬ ಹಾರ್ಮೋನನ್ನು ತಗ್ಗಿಸುತ್ತದೆ. ಗೋಡೆ ಬಣ್ಣದ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಕೆಲಸದ ಹೊರೆಯೇ ಮಿತಿ ಮೀರಿದ್ದರೆ ಮಾತ್ರ ಇಷ್ಟರಿಂದ ಸರಿಹೋಗುವುದಿಲ್ಲ, ಮ್ಯಾನೇಜರ್ ಹತ್ತಿರ ಮಾತಾಡಲೇಬೇಕು.