ಟ್ಯೂಷನ್ ಕೆಲಸಕ್ಕೆ ನಾನು ರೆಸ್ಯೂಮೆ ಬರೆದದ್ದು ಹೀಗೆ

ಕಾರವಾರದಲ್ಲಿ ಬಿ.ಎಸ್ಸಿ. ಓದುತ್ತಿದ್ದೇನೆ. ಸಂಜೆ ಹೊತ್ತು ಒಂದು ಟ್ಯೂಷನ್ ಕ್ಲಾಸಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಅರ್ಜಿ ಹಾಕುವಾಗ ನೌಕರಿ ಮಾಡಿದ ಅನುಭವ ಏನೂ ಇರಲಿಲ್ಲ. ಆದರೂ ಒಂದು ಪುಟ ತುಂಬಿತು. ಒಂದಕ್ಕಿಂತ ಜಾಸ್ತಿ ಬೇಕಾಗಿಯೂ ಇಲ್ಲ.

ಟ್ಯೂಷನ್ ನಡೆಸುವವರಿಗೆ ಮೊದಲು ಗೊತ್ತಾಗಬೇಕಾದ್ದು ಏನು? ಯಾವ ವಿಷಯ, ಯಾವ ತರಗತಿ, ಯಾವ ಸಿಲಬಸ್, ಯಾವ ಮಾಧ್ಯಮ, ಎಷ್ಟು ಹೊತ್ತಿಗೆ ಬರುತ್ತೀರಿ. ಇಷ್ಟನ್ನು ನನ್ನ ಹೆಸರಿನ ಕೆಳಗೇ ಬರೆದೆ: 'ಗಣಿತ, 6ರಿಂದ 10ನೇ ತರಗತಿ. ರಾಜ್ಯ ಪಠ್ಯಕ್ರಮ, ಕನ್ನಡ ಮತ್ತು ಇಂಗ್ಲಿಷ್ ಮಾಧ್ಯಮ. ಸಂಜೆ 5ರಿಂದ 8.' 'ಉತ್ತಮ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವ ಗುರಿ' ಅನ್ನುವ ಥರದ ಸಾಲು ಹಾಕಲೇ ಇಲ್ಲ. ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ನಮ್ಮೂರಲ್ಲಿ ಸಿಲಬಸ್ ಬರೆಯುವುದು ತುಂಬಾ ಮುಖ್ಯ. ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ, ನೌಕಾನೆಲೆಯಲ್ಲಿ ಕೆಲಸ ಮಾಡುವವರ ಮಕ್ಕಳಲ್ಲಿ ಸಿಬಿಎಸ್‌ಇ ಓದುವವರು ಇದ್ದಾರೆ. ಊರಿನ ಸರ್ಕಾರಿ ಶಾಲೆಯ ಮಕ್ಕಳದ್ದು ರಾಜ್ಯ ಸಿಲಬಸ್. ಹತ್ತನೇ ತರಗತಿ ಗಣಿತದ ಪಾಠಗಳು ಹೆಚ್ಚು ಕಡಿಮೆ ಒಂದೇ, ಎರಡೂ ಕಡೆ ಕೇಂದ್ರದ ಎನ್‌ಸಿಇಆರ್‌ಟಿ ಪುಸ್ತಕವೇ ಆಧಾರ. ಆದರೆ ಪ್ರಶ್ನೆಪತ್ರಿಕೆಯ ರೀತಿ ಬೇರೆ. ನಾನು ಓದಿದ್ದು ರಾಜ್ಯ ಸಿಲಬಸ್, ಅದನ್ನೇ ಬರೆದೆ. ಇನ್ನೊಂದು, ಭಾಷೆ. ಕನ್ನಡ, ಇಂಗ್ಲಿಷ್ ಜೊತೆ 'ಕೊಂಕಣಿ, ಮಾತಾಡಲು' ಅಂತ ಸೇರಿಸಿದೆ. ಮನೆಯಲ್ಲಿ ಕೊಂಕಣಿ ಆಡುವ ಚಿಕ್ಕ ಮಕ್ಕಳು ಲೆಕ್ಕ ಅರ್ಥವಾಗದಿದ್ದರೆ ಸುಮ್ನೆ ಕೂತುಬಿಡುತ್ತಾರೆ. ಅವರ ಮಾತಲ್ಲೇ ಕೇಳಿದರೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹೇಳುತ್ತಾರೆ.

ಜಾಸ್ತಿ ಹೊತ್ತು ಹಿಡಿದದ್ದು 'ಅನುಭವ' ಅನ್ನುವ ಭಾಗ. ಪಕ್ಕದ ಮನೆಯ ಏಳನೇ ತರಗತಿ ಹುಡುಗಿಗೆ ಲೆಕ್ಕ ಹೇಳಿಕೊಡುತ್ತಿದ್ದೆ, ಸಂಬಳ ಇಲ್ಲದೆ. ಅದೂ ಅನುಭವವೇ ಅಲ್ವಾ? ಅವಳು 1/2 + 1/3 ಕೂಡಿ 2/5 ಬರೆಯುತ್ತಿದ್ದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಆಗುವುದು ಹೇಗೆ ಅಂತ ಕೇಳಿದೆ. ಆಮೇಲೆ ಒಂದು ಕಾಗದದ ಪಟ್ಟಿಯನ್ನು ಆರು ಸಮ ಭಾಗ ಮಡಚಿಸಿದೆ. ಅರ್ಧ ಅಂದರೆ ಮೂರು ಭಾಗ, ಮೂರನೇ ಒಂದು ಅಂದರೆ ಎರಡು ಭಾಗ. 5/6 ಅಂತ ಅವಳೇ ಹೇಳಿದಳು.

ರೆಸ್ಯೂಮೆಯಲ್ಲಿ ಇದು ಒಂದೇ ಸಾಲು: '7ನೇ ತರಗತಿ ವಿದ್ಯಾರ್ಥಿನಿಗೆ ಮನೆಪಾಠ, ಭಿನ್ನರಾಶಿ ಕೂಡುವುದನ್ನು ಕಾಗದ ಮಡಚಿ ಕಲಿಸಿದ್ದು.' 'ಚೆನ್ನಾಗಿ ಕಲಿಸಬಲ್ಲೆ' ಅಂತ ಯಾರು ಬೇಕಾದರೂ ಬರೆಯಬಹುದು. ಕ್ಲಾಸಿನ ಸರ್ ಈ ಸಾಲು ಓದಿ, ಅದನ್ನೇ ಬೋರ್ಡ್ ಮೇಲೆ ಹೇಳಿಕೊಡಿ ಅಂದರು. ಅದೇ ನನ್ನ ಡೆಮೊ ಕ್ಲಾಸ್ ಆಯ್ತು.

ಅಂಕದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿಯ ಒಟ್ಟು ಅಂಕದ ಜೊತೆ ಗಣಿತದ್ದನ್ನು ಬೇರೆಯಾಗಿ ಬರೆದೆ. ಕಲಿಸುವುದು ಗಣಿತ ತಾನೇ. ಜಾತಿ, ತಂದೆಯ ಕೆಲಸ, ಆಧಾರ್ ಸಂಖ್ಯೆ ಯಾವುದೂ ಬೇಡ. ಹುಡುಗಿಯರಂತೂ ಮನೆಯ ಪೂರ್ತಿ ವಿಳಾಸವನ್ನೂ ಹಾಕಬೇಡಿ, ಊರಿನ ಹೆಸರು ಸಾಕು.

ವಿಚಾರಿಸಲು ಒಬ್ಬರ ನಂಬರ್ ಕೊಡುವುದು ಒಳ್ಳೆಯದು, ಆದರೆ ಕೇಳಿ ಕೊಡಬೇಕು. ಆ ಹುಡುಗಿಯ ಅಮ್ಮನ ಹತ್ತಿರ "ಅಕ್ಕಾ, ನಿಮ್ಮ ನಂಬರ್ ಹಾಕಲಾ?" ಅಂದೆ. "ಹಾಕು ಮಾರಾಯ್ತಿ, ಆರು ಗಂಟೆ ಮೇಲೆ ಫೋನ್ ಮಾಡೂಕೆ ಹೇಳು" ಅಂದರು. ನಂಬರ್ ಪಕ್ಕದಲ್ಲಿ ಆ ಹೊತ್ತನ್ನೂ ಬರೆದೆ.

ಕನ್ನಡದಲ್ಲಿ ಟೈಪ್ ಮಾಡುವವರು ಯೂನಿಕೋಡ್ ಬಳಸಿ, ಅಂದರೆ ಈಗಿನ ಮೊಬೈಲುಗಳಲ್ಲಿ ಬೇರೆ ಫಾಂಟ್ ಹಾಕದೆ ಓದಲು ಬರುವ ಅಕ್ಷರ. ಹಳೇ ನುಡಿ ಫಾಂಟಿನಲ್ಲಿ ಮಾಡಿದ ವರ್ಡ್ ಫೈಲ್, ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಓದಲು ಬರುವುದಿಲ್ಲ. ಪಿಡಿಎಫ್ ಮಾಡಿ, ಫೈಲಿಗೆ ನಿಮ್ಮ ಹೆಸರು ಮತ್ತು ವಿಷಯ ಇಡಿ. ವಾಟ್ಸಾಪ್‌ನಲ್ಲಿ ಕಳಿಸುವ ಮೊದಲು ಮನೆಯವರ ಫೋನಿಗೆ ಒಮ್ಮೆ ಕಳಿಸಿ, ತೆರೆದು ನೋಡಿ.